ಫೈಲುಗಳ ಹೆಬ್ಬೆಟ್ಟು

ಹೆದರುವುದರಲ್ಲೂ ಒಂದು ಅಚ್ಚುಕಟ್ಟು ಬೇಕು. ಐವತ್ತರ ಅಂಚಿಗೆ ಬಂದರೂ ನನಗದು ಒಲಿದಿಲ್ಲ. ಹೆಂಡತಿ ಶಾಂತಾ ತೀರಿಕೊಂಡ ಮೇಲೆ ಅವಳ ಧ್ವನಿ ಉಳಿದಿದ್ದುದು ಒಂದೇ ಕಡೆ. ಹಿಂದೊಮ್ಮೆ ಕಂಪ್ಯೂಟರಿನ ಹೊಸ ಮೈಕನ್ನು ನಾನು ಪರೀಕ್ಷಿಸುವಾಗ, ಅಡುಗೆಮನೆಯಿಂದ ಅವಳು ಕೂಗಿದ್ದು ರೆಕಾರ್ಡಾಗಿತ್ತು. ಅದನ್ನು ಯಾರಾದರೂ ಅಳಿಸಿಬಿಟ್ಟರೆ? ಮೂಡಲಗಿಯ ಮನೆಯಲ್ಲಿ ಈಗಿರುವವನು ನಾನೊಬ್ಬನೇ. ಅಳಿಸಲು ಯಾರು ಬರಬೇಕೋ ನನಗೂ ತಿಳಿಯದು. ಆದರೂ ಆ ಫೈಲಿನ ಹೆಸರು ಬದಲಿಸಿ, ಯಾವುದೋ ಸಾಫ್ಟ್‌ವೇರಿನ ಫೈಲಿನ ವೇಷ ಹಾಕಿ, ಅಂಥವೇ ಸಾವಿರಾರು ಫೈಲುಗಳ ನಡುವೆ ಬಚ್ಚಿಟ್ಟೆ. ಆಮೇಲೆ ಹೆಸರೂ ಮರೆತೆ, ಜಾಗವೂ ಮರೆತೆ. ಈಚೆಗೆ ಕಂಪ್ಯೂಟರು ಕರಕರ ಅನ್ನತೊಡಗಿತು. ಅದು ಕೆಟ್ಟರೆ ಧ್ವನಿಯೂ ಹೋದಂತೆಯೇ. ಕಂಪ್ಯೂಟರಿನ ಡಬ್ಬಿಯನ್ನು ಎತ್ತಿಕೊಂಡು ಗೋಕಾಕದ ಬಸ್ಸು ಹತ್ತಿದೆ. ಕಂಡಕ್ಟರು ಅದಕ್ಕೂ ಒಂದು ಲಗೇಜ್ ಟಿಕೆಟು ಕೊಟ್ಟ. ನನ್ನ ಟಿಕೆಟಿನ ಜೊತೆಗೆ ಎರಡನೆಯದೊಂದು ತೆಗೆದು ಬಹಳ ದಿನವಾಗಿತ್ತು.

ಶಾಂತಾಳ ತಂಗಿ ಗಿರಿಜಾ ಗೋಕಾಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಕಥೆ ಕೇಳಿ ಹಣೆ ಚಚ್ಚಿಕೊಂಡಳು. "ಮಂದಿಗೆ ಸಿಗಬಾರದಂತ ಮುಚ್ಚಿಟ್ಟು ನೀವ ಕಳಕೊಂಡ್ರೇನ್ರಿ ಮಾಮಾ?"

"ಸಿಗ್ತೈತೇನವಾ?"

"ಹೆಸರ ಏನರ ಇರಲಿ ಬಿಡ್ರಿ. ಫೈಲಿನ ಒಳಗಿಂದೆಲ್ಲಾ ಲೆಕ್ಕಾ ಹಾಕಿ ಹ್ಯಾಶ್ ಅಂತ ತಗೀತೀವಿ. ಹೆಬ್ಬೆಟ್ಟಿನ ಗುರುತಿದ್ದಂಗ. ವೇಷಾ ಹಾಕಿದ್ರ ಹೆಬ್ಬೆಟ್ಟ ಬದಲ ಆಗ್ತೈತೇನು?"

ಗೊತ್ತಿರುವ ಸಾಫ್ಟ್‌ವೇರುಗಳ ಫೈಲುಗಳಿಗೆಲ್ಲ ಇಂಥ ಗುರುತು ತೆಗೆದು ಯಾರೋ ಪುಣ್ಯಾತ್ಮರು ಮೊದಲೇ ಪಟ್ಟಿ ಮಾಡಿಟ್ಟಿದ್ದಾರಂತೆ. ನನ್ನವನ್ನು ಅದಕ್ಕೆ ಹೋಲಿಸಿದರೆ ಪರಿಚಿತವೆಲ್ಲ ಜರಡಿಯಲ್ಲಿ ಇಳಿದುಹೋಗಿ, ಯಾರಿಗೂ ಗೊತ್ತಿಲ್ಲದ್ದು ಮೇಲೆ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ನಿಂತದ್ದು ಹಿಡಿಯಷ್ಟು: ನನ್ನ ರಜೆ ಅರ್ಜಿಗಳು, ಹುಕ್ಕೇರಿಯಲ್ಲಿ ಬಾಡಿಗೆಗಿದ್ದಾಗ ಮನೆ ಮಾಲೀಕರಿಗೆ ಬರೆದು ಧೈರ್ಯ ಸಾಲದೆ ಕಳಿಸದ ದೂರುಗಳು, ಮತ್ತೆ ಸಾಫ್ಟ್‌ವೇರಿನ ಹೆಸರು ಹೊತ್ತ ಒಂದೇ ಒಂದು ಫೈಲು.

"ಇದ ಇರಬೇಕ್ರಿ. ಹಚ್ಚಲೇನು?" ಗಿರಿಜಾಳ ದನಿ ಸಣ್ಣದಾಗಿತ್ತು. ನನಗೆ ಹೆಂಡತಿಯಾದರೆ ಅವಳಿಗೆ ಅಕ್ಕ.

ಮೈಕಿನ ಗೊರಗೊರ. ನನ್ನ "ಹಲೋ, ಹಲೋ". ಹಿಂದಿನಿಂದ ಶಾಂತಾ: "ಅಲ್ಲೆ ಯಾರ ಅದಾರಂತ ಹಲೋ ಅನ್ನಾಕತ್ತೀರಿ? ಹಿತ್ತಲ ಬಾಗಲಾ ಹಾಕೀರೇನ್ರಿ?"

ಗಿರಿಜಾ ಅಳುತ್ತಲೇ ನಕ್ಕಳು. ನನಗೂ ಅಳು ಬರುವುದರಲ್ಲಿತ್ತು. ಅಷ್ಟರಲ್ಲಿ ಥಟ್ಟನೆ ಹೊಳೆಯಿತು: ಬೆಳಿಗ್ಗೆ ಹೊರಡುವಾಗ ಹಿತ್ತಲ ಬಾಗಿಲು ಹಾಕಿದ ನೆನಪೇ ಇಲ್ಲ. ಕಂಪ್ಯೂಟರನ್ನು ಅಲ್ಲೇ ಬಿಟ್ಟು ಮೂಡಲಗಿಯ ಬಸ್ಸಿಗೆ ಓಡಿದೆ. ಕೇಳಿದವಳಿಗೆ ಏನಾದರೂ ಉತ್ತರ ಹೇಳಬೇಕಲ್ಲ.