ಚರ್ಚ್ ಶಾಲೆಯ ವಯಸ್ಸಿಗೆ ಪುರಾವೆ

ನಮ್ಮ ಚರ್ಚ್ ಶಾಲೆಯಲ್ಲಿ ಮೊದಲು ಎದೆ ನಡುಗುತ್ತದೆ, ನಗು ಆಮೇಲೆ ಬರುತ್ತದೆ. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಮೇಲೂ ಅದು ನನಗೆ ತಪ್ಪಿಲ್ಲ.

೧. ಕಪಾಟು

ಬೀದರಿನ ಶಿಕ್ಷಣ ಇಲಾಖೆ ಕಚೇರಿಯಿಂದ ನೋಟಿಸು ಬಂತು. ಶಾಲೆ ಶುರುವಾದ ವರ್ಷದ ಒಂದು ಮೂಲ ದಾಖಲೆಯನ್ನು ಎಂಟು ದಿನದಲ್ಲಿ ತೋರಿಸಬೇಕು, ಇಲ್ಲದಿದ್ದರೆ ಮಾನ್ಯತೆ ರದ್ದು. ನನ್ನ ಸೊಸೆ ಅಲ್ಲೇ ಟೀಚರ್, ಮೊಮ್ಮಗಳು ಅಲ್ಲೇ ಮೂರನೇ ತರಗತಿ.

ನಾನು ಬಿ.ಎ. ಓದಿದವಳು. ನಾನು ಬರೆದ ಯಾವ ರಿಜಿಸ್ಟರಿನಲ್ಲೂ ಒಂದು ಚಿತ್ತು ಸಿಗುವುದಿಲ್ಲ. ಆದರೆ ನನಗಿಂತ ಮೊದಲಿನವರ ರಿಜಿಸ್ಟರು ಹುಡುಕಿ ಕಪಾಟು ತೆಗೆದರೆ ಬರೀ ಗೆದ್ದಲು ಮಣ್ಣು.

ಸೊಸೆ ಮೆಲ್ಲಗೆ ಅಂದಳು: "ಅತ್ತೀ, ಈ ಸಾಲ್ಯಾಗ ಇಷ್ಟು ಮನಸಿಟ್ಟು ಯಾರೂ ಪುಸ್ತಕ ಮುಗಿಸಿಲ್ಲ ನೋಡ್ರಿ."

೨. ಭಾಲ್ಕಿಯ ಬಟ್ಟೆ ಅಂಗಡಿ

ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವ್ಯಾಪಾರಿ. ಅವನ ಅಕ್ಕ ಶಾಲೆಯ ಮೊದಲ ವರ್ಷದ ಹುಡುಗಿ; ಅವಳ ಊರು ಕೇಳಲು ಹೋದೆ. ಮೊಮ್ಮಕ್ಕಳನ್ನು ಕಂಡ ಆಸಾಮಿ, ನನ್ನನ್ನು ಕಂಡದ್ದೇ ಗಿರಾಕಿಗಳ ಮುಂದೆ ಕೈಕಟ್ಟಿ ಎದ್ದು ನಿಂತ.

"ಟೀಚರ್ರಿ, ಅವತ್ತ ಗ್ವಾಡಿ ಮ್ಯಾಲ ನಿಮ್ಮ ಚಿತ್ರ ಬರದಾಂವ ನಾ ಅಲ್ರಿ."

"ಯಾವ ಗೋಡಿ?"

"ನಿಮಗ ಗೊತ್ತೇ ಇಲ್ಲೇನ್ರಿ? ಯಾ ಅಲ್ಲಾ, ಇಷ್ಟು ವರ್ಷ ಸುಳ್ಳೇ ಅಂಜಿದ್ನಲ್ರಿ!"

೩. ಚಿಂತಾಕಿಯ ಟ್ರಂಕು

ಚಿಂತಾಕಿ ಅವನ ಅಕ್ಕನ ಗಂಡನ ಊರು. ಅಕ್ಕ ಟ್ರಂಕಿನ ತಳದಿಂದ ಪ್ರೋಗ್ರೆಸ್ ಕಾರ್ಡು ತೆಗೆದಳು. ಮೊದಲ ವರ್ಷ, ಶಾಲೆಯ ಮುದ್ರೆ, ಎಲ್ಲ ಇತ್ತು. ಜೀವ ಬಂತು ಅನ್ನುವಷ್ಟರಲ್ಲಿ ಮತ್ತೆ ಹೋಯಿತು. ಇಂಗ್ಲಿಷಿನಲ್ಲಿ 'ಫಾದರ್ಸ್ ಸಿಗ್ನೇಚರ್' ಎಂದಿರುವ ಕಡೆ ಒಂದರ ಪಕ್ಕ ಒಂದು, ಎರಡು ಸಹಿ!

"ನಾ ಸಣ್ಣಾಕಿರಿ," ಅಂದಳು ಸೆರಗು ಬಾಯಿಗೊತ್ತಿ. "ಸಾಲ್ಯಾಗ ಎಲ್ಲಾರೂ ಪಾದ್ರಿಗಳಿಗೇ ಫಾದರ್ ಅಂತಿದ್ರು. ಸೀದಾ ಅವರ ಕಡಿ ಒಯ್ದೆ, ಅವರೂ ನೋಡಲಾರ್ದೆ ಹಾಕಿಬಿಟ್ರು."

"ಆಮ್ಯಾಲ?"

"ಮನ್ಯಾಗ ನಮ್ಮ ಅಬ್ಬಾ ಅದನ್ನ ನೋಡಿದ್ರು. 'ನಾ ಜಿಂದಾ ಇದ್ದಾಗ ಈಕಿಗಿ ಇನ್ನೊಬ್ಬ ಬಾಪ್ ಯಾವನು?' ಅಂತ ಬಡಿಗಿ ತಗೊಂಡು ಹೋದ್ರು. ಪಾದ್ರಿಗಳು ಗಂಟಿ ಗೋಪುರ ಏರಿ ಕುಂತ್ರು."

"ಇಳದದ್ದು ಯಾವಾಗ?"

"ಅಬ್ಬಾ ತಾವೂ ಸಹಿ ಹಾಕಿ, ಕಾರ್ಡ್ ಮ್ಯಾಲಕ್ಕೆತ್ತಿ ತೋರ್ಸಿದ ಮ್ಯಾಲರಿ."

೪. ಬೀದರಿನ ಮೇಜು

ಎಂಟನೆಯ ದಿನ ಅಧಿಕಾರಿಯ ಎದುರು ನಿಂತೆ. ಅಂಗೈ ಬೆವರಿಗೆ ಕಾರ್ಡಿನ ಅಂಚು ಮೆತ್ತಗಾಗಿತ್ತು. ಅವರು ಕನ್ನಡಕ ಸರಿಮಾಡಿಕೊಂಡರು.

"ಇಲ್ಲಿ ಫಾದರ್ ಸಹಿ ಅದ. ಸಾಲಿ ನಡಸಾವರ ಸಹಿ ಎಲ್ಲಿ ಅದರಿ?"

"ಅದೇರಿ. ಫಾದರ್ ಸಹಿ."

"ಹಂಗಾದ್ರ ಬಾಜೂಕಿಂದು?"

"ಅದೂ ಫಾದರ್ ಸಹೀನೇರಿ."

ಅವರು ಪೆನ್ನು ಕೆಳಗಿಟ್ಟರು. ಶಾಲೆ ಮುಚ್ಚಿತು ಅಂದುಕೊಂಡೆ. ಬಡಿಗೆ, ಗೋಪುರ ಎಲ್ಲ ಒಪ್ಪಿಸಿದೆ. ಅವರು ನಗಲಿಲ್ಲ. ಬಹಳ ಹೊತ್ತು ಬರೆದು, ಮುದ್ರೆ ಒತ್ತಿ, ಫೈಲು ನನ್ನ ಕಡೆ ತಿರುಗಿಸಿದರು:

"ವಿದ್ಯಾರ್ಥಿನಿಗೆ ತಂದೆಯರು ಇಬ್ಬರು. ಒಬ್ಬರು ನೆಲದ ಮೇಲೆ, ಒಬ್ಬರು ಗೋಪುರದ ಮೇಲೆ ಹಾಜರಿದ್ದರು. ಶಾಲೆ ಆ ವರ್ಷ ನಡೆಯುತ್ತಿದ್ದುದರಲ್ಲಿ ಸಂದೇಹವಿಲ್ಲ. ಮಾನ್ಯತೆ ಮುಂದುವರಿಸಬಹುದು."