ತುಳಸಿಕಟ್ಟೆಯ ಫೈಲು

ನಾನು ಹಟಮಾರಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತು ವರ್ಷಗಳಿಂದ ಡ್ರಾಯಿಂಗ್ ಕಲಿಸುತ್ತಾ, ಗೆರೆ ಅರ್ಧ ಮಿಲಿಮೀಟರ್ ಆಚೀಚೆಯಾದರೂ ಹಾಳೆಯನ್ನು ಹಿಂದಕ್ಕೆ ಕೊಟ್ಟವನು. ಅಂಥವನ ಮನೆಯ ತುಳಸಿಕಟ್ಟೆ ಬಿರುಕು ಬಿಟ್ಟರೆ ಅಂಗಡಿಯಿಂದ ರೆಡಿಮೇಡ್ ತರುವುದುಂಟೇ? ಅದೂ ಅಲ್ಲದೆ ಅಮ್ಮನಿಗೆ ಈಗ ಬಗ್ಗಲು ಆಗುವುದಿಲ್ಲ. ಹಳೆಯ ಕಟ್ಟೆಯ ದೀಪದ ಗೂಡು ಮೊಣಕಾಲಿನ ಮಟ್ಟದಲ್ಲಿತ್ತು. ಹೀಗಾಗಿ ಸಂಜೆ ದೀಪ ಇಡುವ ಕೆಲಸ ನನ್ನ ಹೆಂಡತಿಯ ಪಾಲಿಗೆ ಬಂತು, ಬಾಗಿಲಲ್ಲಿ ನಿಂತು “ಬತ್ತಿ ಸ್ವಲ್ಪ ಮುಂದೆ ಮಾಡು” ಎನ್ನುವ ಕೆಲಸ ಅಮ್ಮನ ಪಾಲಿಗೆ. ಇಬ್ಬರಿಗೂ ಸುಖವಿರಲಿಲ್ಲ. ಅಮ್ಮ ನೆಟ್ಟಗೆ ನಿಂತು ತಾನೇ ದೀಪ ಇಡುವಂಥ ಕಟ್ಟೆ ಮಾಡಿಸಿಯೇ ಸಿದ್ಧ ಎಂದು ಬನ್ನಂಜೆಯ ನಮ್ಮ ಮನೆಯಲ್ಲಿ ನಕ್ಷೆ ಬರೆಯಲು ಕಂಪ್ಯೂಟರಿನ ಮುಂದೆ ಕುಳಿತೆ.

ಕಾರ್ಕಳದ ಶಿಲ್ಪಿ ವಾಸು ಆಚಾರ್ಯರು ಫೋನಿನಲ್ಲಿ ಹೇಳಿದ್ದು ಇಷ್ಟೇ: “ಮಾಸ್ಟ್ರೇ, ಸಣ್ಣ ಪ್ಲಾನ್ ಎಲ್ಲ ಬೇಡ. ಕಟ್ಟೆ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಕಾಗದ ತನ್ನಿ. ಕಲ್ಲಿಗೆ ಅಂಟಿಸಿ ಗೆರೆ ಹಾಕ್ಲಿಕ್ಕುಂಟು.”

ಇದೇನು ಮಹಾ ಎಂದುಕೊಂಡು ಮಣಿಪಾಲದ ಪ್ರಿಂಟಿಂಗ್ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಪ್ರಮೀಳಾ ನನ್ನ ಪೆನ್‌ಡ್ರೈವ್ ಹಾಕಿ ನೋಡಿ, “ಈ ಫೈಲ್ ನಮ್ಮಲ್ಲಿ ಓಪನ್ ಆಗುವುದಿಲ್ಲ ಸರ್. ಜೆಪಿಜಿ ಉಂಟಾ?” ಎಂದರು. ಮನೆಗೆ ಬಂದು ಜೆಪಿಜಿ ಮಾಡಿ ಒಯ್ದೆ. ನಾಲ್ಕು ಅಡಿಗೆ ಹಿಗ್ಗಿಸಿದಾಗ ನಾನು ಪ್ರೀತಿಯಿಂದ ಬರೆದ ತಾವರೆಯ ದಳಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂದವು. “ದೂರದಿಂದ ಗೊತ್ತಾಗುವುದಿಲ್ಲ ಸರ್” ಎಂದು ಅವರು ಸಮಾಧಾನ ಹೇಳಿದರು. ತುಳಸಿಗೆ ದೂರದಿಂದ ಸುತ್ತು ಬರುವವರು ಯಾರು ಮಾರಾಯ್ರೇ!

ಮರುದಿನ ಪಿಡಿಎಫ್. ಗೆರೆಯ ದಪ್ಪವನ್ನು ಸೊನ್ನೆ ಎಂದು ಬಿಟ್ಟಿದ್ದೆ. ಪರದೆಯ ಮೇಲೆ ಚೆನ್ನಾಗಿಯೇ ಕಂಡದ್ದು ಮುದ್ರಣದಲ್ಲಿ ಮಾಯವಾಗಿ, ಹೆಚ್ಚುಕಡಿಮೆ ಬಿಳಿ ಹಾಳೆಯೇ ಸುರುಳಿಸುರುಳಿಯಾಗಿ ಹೊರಬಂತು. “ಕಂಪ್ಯೂಟರಿನಲ್ಲಿ ಸರಿ ಇತ್ತಲ್ಲ” ಎಂದೆ. ಇದೇ ಮಾತು ಹೇಳಿದ ಎಷ್ಟು ಮಕ್ಕಳನ್ನು ನಾನು ತರಗತಿಯಿಂದ ಹೊರಗೆ ನಿಲ್ಲಿಸಿದ್ದೇನೋ! ಗೆರೆ ದಪ್ಪ ಮಾಡಿ ಮತ್ತೆ ಹೋದೆ. ಈ ಸಲ ಎಲ್ಲವೂ ಕಂಡಿತು, ಆದರೆ ಸ್ಟೀಲ್ ಸ್ಕೇಲ್ ಇಟ್ಟು ಅಳೆದರೆ ಕಟ್ಟೆ ಎರಡು ಇಂಚು ಕುಗ್ಗಿತ್ತು. “ಹಾಳೆಯಲ್ಲಿ ಚಂದ ಕೂರಲಿ ಅಂತ ನಾನೇ ಫಿಟ್ ಟು ಪೇಜ್ ಕೊಟ್ಟೆ ಸರ್. ಎರಡು ಇಂಚು ಅಲ್ವಾ?” ಎರಡು ಇಂಚು ಎಂದರೇನು ಎಂಬುದರ ಬಗ್ಗೆ ನಾನು ಅಲ್ಲಿ ಮಾಡಿದ ಪಾಠಕ್ಕೆ ಝೆರಾಕ್ಸಿಗೆ ಬಂದವರು ಮೂವರು ಹಾಜರಿದ್ದರು. ಅಲ್ಲೇ ನಾಲ್ಕನೆಯ ಪ್ರಿಂಟ್ ತೆಗೆಸುವಾಗ ಯಂತ್ರದ ಪಕ್ಕದಲ್ಲೇ ಸ್ಕೇಲ್ ಹಿಡಿದು ನಿಂತೆ. ಒಂದು ಕೂದಲೆಳೆಯೂ ವ್ಯತ್ಯಾಸವಿರಲಿಲ್ಲ. ನನಗಾದ ಸಂತೋಷಕ್ಕಿಂತ ಪ್ರಮೀಳಾ ಅವರಿಗಾದದ್ದೇ ಹೆಚ್ಚಿರಬೇಕು.

ಭಾನುವಾರ ಅಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಕಾರ್ಕಳಕ್ಕೆ ಹೋದೆ. ಆಚಾರ್ಯರು ಕಾಗದವನ್ನು ನೆಲಕ್ಕೆ ಸರಿಯಾಗಿ ತಾಗಿಸಿ ಗೋಡೆಗೆ ಅಂಟಿಸಿದರು. “ಅಮ್ಮಾ, ಒಮ್ಮೆ ದೀಪ ಇಡುವ ಹಾಗೆ ಕೈ ಮಾಡಿ ನೋಡುವಾ.”

ಅಮ್ಮ ಕೈ ಚಾಚಿದಳು. ಅದು ಗೂಡಿಗಿಂತ ನಾಲ್ಕು ಬೆರಳು ಕೆಳಗೆ ನಿಂತಿತು. ನಾನು ಸ್ಕೇಲ್ ತೆಗೆದು ಕಾಗದವನ್ನು ಅಳೆಯತೊಡಗಿದೆ.

“ಕಾಗದ ಸರಿ ಉಂಟು ಮಾಸ್ಟ್ರೇ. ಅಮ್ಮನನ್ನು ಯಾವಾಗ ಅಳೆದದ್ದು?”

ಅಳೆದಿರಲೇ ಇಲ್ಲ. ಹೆತ್ತ ತಾಯಿಯ ಎತ್ತರ ನನಗೆ ಗೊತ್ತಿಲ್ಲವೇ ಎಂದು ನೆನಪಿನಿಂದಲೇ ಹಾಕಿದ್ದೆ. ಅಮ್ಮ ಯಾವಾಗ ಇಷ್ಟು ಕುಗ್ಗಿದಳು? ದಿನವೂ ಎದುರಿಗೇ ಕುಳಿತು ಉಣ್ಣುತ್ತೇನೆ, ಕಂಡೇ ಇರಲಿಲ್ಲ. ನಾಚಿಕೆಯಾಯಿತು.

ನನ್ನ ಮುಖ ನೋಡಿದ ಅಮ್ಮ ಬೆನ್ನು ಸೆಟೆಸಿ ತುದಿಗಾಲಲ್ಲಿ ನಿಂತು ಗೂಡಿಗೆ ಕೈ ಮುಟ್ಟಿಸಿದಳು. “ಗೂಡು ಅಲ್ಲೇ ಇರಲಿ ಆಚಾರ್ರೇ. ಅವನು ಪಾಪ ನಾಲ್ಕು ಸಲ ಮಣಿಪಾಲಕ್ಕೆ ಹೋಗಿದ್ದಾನೆ. ನಾನೇ ಸ್ವಲ್ಪ ನೆಟ್ಟಗೆ ನಿಲ್ತೇನೆ.”

ಆಚಾರ್ಯರ ಕೈಯಿಂದ ಪೆನ್ಸಿಲ್ ಕಸಿದುಕೊಂಡು, ಅಮ್ಮನನ್ನು ಹಿಮ್ಮಡಿಯೂರಿ ನಿಲ್ಲಿಸಿ, ಕೈ ತಲುಪಿದಲ್ಲಿ ಬರಿಗೈಯಲ್ಲೇ ಹೊಸ ಗೆರೆ ಎಳೆದೆ.

“ಗೆರೆ ಸೊಟ್ಟ ಆಯ್ತಲ್ಲ ಮಾಸ್ಟ್ರೇ” ಎಂದರು ಆಚಾರ್ಯರು.

“ಇರಲಿ ಬಿಡಿ” ಎಂದೆ. ಇಪ್ಪತ್ತು ವರ್ಷಗಳ ಸರ್ವಿಸಿನಲ್ಲಿ ಮೊದಲ ಸಲ.