ಮೂರು ತಲೆಮಾರಿನ ಪದ

ತೊಂದರೆ ಶುರುವಾದದ್ದು ಜಾನಪದ ಹಾಡಿನ ಸ್ಪರ್ಧೆಯ ಸುತ್ತೋಲೆಯ ನಾಲ್ಕನೇ ಸಾಲಿನಿಂದ: 'ಹಾಡು ಮೂರು ತಲೆಮಾರಿನಷ್ಟಾದರೂ ಹಳೆಯದಿರಬೇಕು, ಬರೆದವರು ಯಾರೆಂದು ತಿಳಿದಿರಬಾರದು.'

ಕಲ್ಲೇಶ ತಿಪಟೂರಿನ ಕಾಲೇಜೊಂದರಲ್ಲಿ ಅರೆಕಾಲಿಕ ಕನ್ನಡ ಮೇಷ್ಟ್ರು. ಪ್ರಿನ್ಸಿಪಾಲ್ ಗಂಗಾಧರಯ್ಯ ಆ ಸುತ್ತೋಲೆಯನ್ನು ಅವನ ಕೈಗಿಟ್ಟು, "ಹಳ್ಳಿ ಹಾಡುಗಾರ್ತೀರನ್ನ ಕರ್ಕೊಂಡ್ಹೋಗಿ ತುರುವೇಕೆರೆಯಿಂದ ಕಾಲೇಜಿಗೆ ಶೀಲ್ಡು ತಂದ್ರೆ ಬರೋ ವರ್ಷದ ಪಟ್ಟೀಲಿ ನಿಮ್ಮ ಹೆಸ್ರು ಇರುತ್ತೆ. ಇಲ್ದಿದ್ರೆ ನಿಮ್ಮಿಷ್ಟ," ಎಂದಿದ್ದರು. ಅರೆಕಾಲಿಕ ಮೇಷ್ಟ್ರಿಗೆ ಇಷ್ಟ ಎಂಬುದು ಇರುವುದಿಲ್ಲ.

ಭಾನುವಾರ ಬೆಳಿಗ್ಗೆ ಹೊನ್ನವಳ್ಳಿಯಲ್ಲಿ ತಾಯಿ ಹೊಂಬಾಳಮ್ಮನನ್ನೂ ಪಕ್ಕದ ಮನೆಯ ಕಲ್ಲಮ್ಮನನ್ನೂ ಬಸ್ಸು ಹತ್ತಿಸಿದ. ಸುತ್ತ ಯಾವ ಮದುವೆಯಾದರೂ ಸೋಬಾನೆ ಹೇಳಲು ಇವರಿಬ್ಬರೇ ಆಗಬೇಕು. ಕಲ್ಲೇಶ ಮಾತ್ರ ಪ್ಯಾಂಟಿನೊಳಗೆ ಕೆಂಜಿಗ ಹೊಕ್ಕವನಂತೆ ಸೀಟಿನಲ್ಲಿ ನಿಲ್ಲಲಾರ, ಕೂರಲಾರ.

"ಅವ್ವ, ಪದದಲ್ಲಿ ಬೋರ್‌ವೆಲ್ ಅಂತ ಬರುತ್ತಲ್ಲ, ಅದನ್ನ ಬುಟ್ಬುಡು. ಏತ ಅನ್ನು."

"ಯಾರ ಮನೇಲೈತ್ಲಾ ಏತ?"

"ಹಾಡಲ್ಲಿರ್ಲಿ."

"ಬೋರಲ್ಲಿ ಮೂರಿಂಚು ನೀರು ಬಿದ್ದಿರೋ ಮನೇಲಿ ಕೂತು ಏತ ಅಂದ್ರೆ ಯಜಮಾನ್ತಿ ಎಲೆ ಅಡಿಕೆ ಕೊಡ್ತಾಳಾ? ಎದುರಿಗೆ ಏನೈತೋ ಅದನ್ನ ಹೊಗಳ್ಬೇಕು ಕಣ್ಲಾ. ನಮ್ಮವ್ವ ಹಂಗೇ ಹೇಳ್ತಿದ್ಲು, ಅವರವ್ವನೂ ಹಂಗೇ."

"ನಿನ್ ಮದ್ವೇಲಿ ಹೊಗಳಕ್ಕೆ ಏನೂ ಸಿಗ್ದೆ ನಿನ್ ಕನ್ನಡಕ ಹೊಗಳಿದ್ವಿ, ಮರ್ತ್ಯಾ?" ಎಂದಳು ಕಲ್ಲಮ್ಮ. ಮುಂದಿನ ಸೀಟಿನವರೂ ನಕ್ಕರು. ತಿಪಟೂರು ದಾಟುವಷ್ಟರಲ್ಲಿ ಅವನು ಇಬ್ಬರಿಂದಲೂ 'ಏತ' ಎಂದು ಹತ್ತು ಸಲ ಹೇಳಿಸಿದ್ದ.

ಸ್ಪರ್ಧೆಗೆ ಬಂದಿದ್ದೇ ಎರಡು ತಂಡ. ತೀರ್ಪುಗಾರರಾದ ಶ್ರೀರಂಗಯ್ಯ ಜಾನಪದದ ಮೇಲೆ ದಪ್ಪ ಪುಸ್ತಕ ಬರೆದ ನಿವೃತ್ತ ಮೇಷ್ಟ್ರು. ಕೊಬ್ಬರಿ ಕೊಳ್ಳುವವನು ಉಂಡೆಯನ್ನು ಕಿವಿ ಹತ್ತಿರ ಅಲ್ಲಾಡಿಸಿ ನೋಡುವಂತೆ ಒಂದೊಂದು ಪದವನ್ನೂ ತಲೆಯಾಡಿಸಿ ಪರೀಕ್ಷಿಸುತ್ತಿದ್ದರು. ಪಕ್ಕದಲ್ಲಿ ಗಂಗಾಧರಯ್ಯ.

ಹೊಂಬಾಳಮ್ಮ ಏತ ಹೇಳಿದಳು, ಕಪಿಲೆ ಹೇಳಿದಳು. ಕಲ್ಲೇಶ ಉಸಿರುಬಿಟ್ಟ. ಮೂರನೇ ನುಡಿಗೆ ಅವಳ ಕಣ್ಣು ಎದುರಿಗೆ ಕೂತವರ ಮೇಲೆ ಬಿತ್ತು. ನಲವತ್ತು ವರ್ಷದ ಅಭ್ಯಾಸ, ಮಗನ ಹತ್ತು ಪಾಠಕ್ಕೆ ಅಳಿಸುತ್ತದೆಯೇ?

"ಲೂನಾ ಏರಿ ಬಂದೋರೆ, ಪೆನ್ನು ಕಿವಿಗೆ ಇಟ್ಟೋರೆ,
ಸೀರಂಗಯ್ಯನೋರೆ ಹಸೆಗೇಳಿ ಸೋಬಾನೆ..."

ಸಭೆ ಚಪ್ಪಾಳೆ ತಟ್ಟಿತು. ಶ್ರೀರಂಗಯ್ಯನವರು ಕಿವಿಯ ಪೆನ್ನು ತೆಗೆದರು. "ಲೂನಾ ಯಾವ ತಲೆಮಾರಿಂದಮ್ಮ?"

"ನಿಮ್ದೇ ಅಲ್ವಾ ಸ್ವಾಮಿ? ಬಾಗ್ಲಲ್ಲೇ ನಿಂತೈತೆ."

ಹೆಂಗಸರಿಬ್ಬರೂ ಇಳಿದು ನೇರ ಹಿತ್ತಲಿನ ಚಿತ್ರಾನ್ನದ ಸಾಲಿಗೆ ಹೋದರು. ಕಲ್ಲೇಶ ಉಗುರು ಕಚ್ಚುತ್ತ ನಿಂತ. ವೇದಿಕೆಗೆ ಕೆಂಕೆರೆಯ ನಾಗಕ್ಕನ ತಂಡ ಹತ್ತಿತು.

"ಮೊರವ ತಾರೆ, ಒನಕೆ ತಾರೆ,
ತೆಂಗಿನ ನೆಳ್ಳಿಗೆ ಬಾರೆ ತಂಗಿ..."

ಕಲ್ಲೇಶನ ಬಾಯಿಂದ ಉಗುರು ಬಿತ್ತು. ಅದು ಅವನದೇ ಹಾಡು! ತೊಂಬತ್ತಮೂರರ ಅಕ್ಷರ ಜಾಥಾಕ್ಕೆಂದು ಹಾಸ್ಟೆಲ್ ಮಂಚದ ಮೇಲೆ ಕೂತು ಬರೆದದ್ದು. ಆಗ ಮೊರ, ಒನಕೆ ಇರಲಿಲ್ಲ. 'ಸ್ಲೇಟು ತಾರೆ, ಬಳಪ ತಾರೆ' ಎಂದಿತ್ತು. ಜಾಥಾದ ಟೆಂಪೊ ಆ ಹಾಡನ್ನು ಕಿರುಚುತ್ತ ಮೂರು ತಾಲ್ಲೂಕು ಸುತ್ತಿತ್ತು.

ಶ್ರೀರಂಗಯ್ಯನವರ ಕಣ್ಣು ಒದ್ದೆಯಾಗಿತ್ತು. "ಕನಿಷ್ಠ ಮುನ್ನೂರು ವರ್ಷದ ಹಾಡು. ಇಂಥದ್ದನ್ನ ಒಬ್ಬ ಮನುಷ್ಯ ಬರೆಯೋಕೆ ಸಾಧ್ಯವೇ ಇಲ್ಲ. ಮೊದಲ ಬಹುಮಾನ."

ಈ ಹಾಡು ಬಿದ್ದರೆ ಶೀಲ್ಡು ತನ್ನದು ಎಂದು ಕಲ್ಲೇಶನಿಗೆ ಹೊಳೆಯಿತು. ಮೇಜಿನತ್ತ ಓಡಿದ. "ಸಾರ್, ಅದನ್ನ ಬರೆದೋನು ನಾನು!" ಬ್ಯಾಗಿನಿಂದ ಜಾಥಾದ ಕಿರುಹೊತ್ತಗೆ ಎಳೆದ. ತನ್ನ ಹೆಸರು ಅಚ್ಚಾದ ಒಂದೇ ಪುಸ್ತಕವಾದ್ದರಿಂದ ಅದು ಸದಾ ಬ್ಯಾಗಿನಲ್ಲೇ ಇರುತ್ತಿತ್ತು.

ಶ್ರೀರಂಗಯ್ಯ ನಾಗಕ್ಕನನ್ನು ಕರೆದರು. "ಯಾರು ಹೇಳ್ಕೊಟ್ಟಿದ್ದಮ್ಮ ಇದನ್ನ?"

"ನಮ್ಮತ್ತೆ. ಅವ್ರು ಸತ್ತು ಆರು ವರ್ಷ ಆಯ್ತು. ಸತ್ತೋರ ಪದಾನೂ ಬುಡಕ್ಕಿಲ್ವಲ್ಲಪ್ಪ ಈ ಮೇಷ್ಟ್ರು!"

ಶ್ರೀರಂಗಯ್ಯ ಕನ್ನಡಕ ಸರಿಸಿ ಹೊತ್ತಗೆ ಓದಿದರು. "ಜನರ ಹಾಡಿನ ಕೆಳಗೆ ನಿಮ್ಮ ಹೆಸರು ಅಚ್ಚು ಹಾಕಿಸಿದ್ದೀರಿ. ಸಾಲದ್ದಕ್ಕೆ ಮೊರ, ಒನಕೆ ಕಿತ್ತು ಸ್ಲೇಟು ತುರುಕಿದ್ದೀರಿ. ಕದ್ದದ್ದಲ್ಲದೆ ಕತ್ತು ಬೇರೆ ಕುಯ್ದಿದ್ದೀರಲ್ಲ!"

ಗಂಗಾಧರಯ್ಯ ಎದ್ದು ನಿಂತರು. "ನಾಳೆಯಿಂದ ಕಾಲೇಜಿಗೆ ಬರೋದು ಬೇಡ ಕಲ್ಲೇಶ್. ಮಕ್ಕಳು ಕಲಿತಾರೆ."

ವಾಪಸು ಬಸ್ಸಿನಲ್ಲಿ ಕಲ್ಲೇಶ ಎಲ್ಲ ಹೇಳಿಕೊಂಡ. ಯಾವ ಹಾಡು ಎಂದು ಹೊಂಬಾಳಮ್ಮ ಕೇಳಿದಳು. ಅವನು ಧಾಟಿಯನ್ನಷ್ಟೇ ಗುನುಗಿದ.

"ಅಯ್ಯೋ, ಇದಾ? ನಿನ್ನ ತೊಟ್ಲಿಗಾಕಿ ಇದನ್ನೇ ಹೇಳ್ತಿದ್ದೆ ಕಣ್ಲಾ! ಅದನ್ಯಾಕ್ ನಂದು ಅನ್ನಕ್ಕೋದೆ?"

"ಹೂಂ ಕಣಪ್ಪ, ನಾನೂ ಕೇಳಿವ್ನಿ," ಎಂದು ಕಲ್ಲಮ್ಮ ಶುರುವಿಟ್ಟೇಬಿಟ್ಟಳು, "ಸ್ಲೇಟು ತಾರೆ, ಬಳಪ ತಾರೆ..."

ಕಲ್ಲೇಶ ಸೀಟಿನಿಂದ ಚಂಗನೆ ಎದ್ದ. "ಅದೇ! ಸ್ಲೇಟು! ಆ ಸ್ಲೇಟು ಹಾಕಿದ್ದು ನಾನೇ ಕಣವ್ವ!"

ಹೊಂಬಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಲ್ಲಮ್ಮನತ್ತ ಬಾಗಿದಳು.

"ಮೆಲ್ಲಗೆ ಹೇಳೇ. ಸ್ಲೇಟೂ ನಮ್ಮಿಂದ್ಲೇ ಕದ್ದವ್ನೆ."